ಆಂಟೆನಾ ಈಗ ಯಾವ ಕಡೆ ನೋಡುತ್ತಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ನ್ಯೂಯಾರ್ಕ್ ಯಾವ ದಿಕ್ಕಿಗಿದೆ ಅಂತ ಕೇಳಿದರೆ ಹೆಚ್ಚಿನವರು ಪಶ್ಚಿಮ ಅನ್ನುತ್ತಾರೆ. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಹಾಗೇ ಕಾಣುತ್ತದೆ. ಆದರೆ ಭೂಮಿ ದುಂಡಗಿದೆಯಲ್ಲ, ರೇಡಿಯೋ ಅಲೆ ಅದರ ಮೇಲೆ ಹತ್ತಿರದ ದಾರಿ ಹಿಡಿಯುತ್ತದೆ. ಉತ್ತರವನ್ನು ಸೊನ್ನೆ ಅಂತಿಟ್ಟುಕೊಂಡು ಬಲಕ್ಕೆ ಎಣಿಸುತ್ತಾ ಹೋದರೆ, ಆ ದಾರಿ ಬೆಂಗಳೂರಿನಿಂದ ಹೊರಡುವುದು ಸುಮಾರು 335 ಡಿಗ್ರಿಗೆ. ಅಂದರೆ ಉತ್ತರಕ್ಕೆ ಮುಖ ಮಾಡಿ ನಿಂತು, ಬರೀ 25 ಡಿಗ್ರಿ ಎಡಕ್ಕೆ. ಅದೇ ಅಮೆರಿಕದ ಇನ್ನೊಂದು ತುದಿಯ ಸ್ಯಾನ್ ಫ್ರಾನ್ಸಿಸ್ಕೋ ಉತ್ತರದಿಂದ ಸುಮಾರು 20 ಡಿಗ್ರಿ ಬಲಕ್ಕೆ! ಲಂಡನ್ 320, ಟೋಕಿಯೋ 56, ಸಿಡ್ನಿ 127.

ಮನೆಯಿಂದಲೇ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, ಇಂಥ ಅಂಕಿಗಳನ್ನು ಮೇಜಿನ ಮೇಲೆ ಅಂಟಿಸಿಕೊಂಡಿರುತ್ತಾರೆ. ಬೂಮ್ ಅನ್ನುವ ಉದ್ದ ದಂಡದ ಮೇಲೆ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಯಾಗಿ ಆಂಟೆನಾ ಎಲ್ಲ ಕಡೆಗೂ ಒಂದೇ ಸಮ ಮಾತಾಡುವುದಿಲ್ಲ, ಮುಖ ಇದ್ದ ಕಡೆಗೇ ಅದರ ಜೋರು. ಹಾಗಾಗಿ ಅದನ್ನು ತಿರುಗಿಸಬೇಕು. ಕಂಪನಿಯ ರೋಟೇಟರ್ ದುಬಾರಿ. ನಮ್ಮವರು ಗುಜರಿಯಿಂದ ಲಾರಿಯ ವೈಪರ್ ಮೋಟರನ್ನೋ, ಹಳೆಯ ದೊಡ್ಡ ಡಿಶ್ ತಿರುಗಿಸುತ್ತಿದ್ದ 36 ವೋಲ್ಟ್ ಮೋಟರನ್ನೋ ತಂದು ತಾವೇ ಕಟ್ಟಿಕೊಳ್ಳುತ್ತಾರೆ. ತಿರುಗಿಸುವುದು ಕಷ್ಟವೇನಲ್ಲ. ಆಂಟೆನಾ ಈಗ ಎಲ್ಲಿಗೆ ತಿರುಗಿದೆ ಅನ್ನುವುದನ್ನು ಕೆಳಗೆ ಕೋಣೆಯಲ್ಲಿ ಕೂತವನಿಗೆ ರಾತ್ರಿ ಹನ್ನೊಂದಕ್ಕೂ ತಿಳಿಸುವುದಿದೆಯಲ್ಲ, ತಲೆನೋವು ಇರುವುದು ಅಲ್ಲಿ.

ಮೊದಲು ಒಂದು ಸಮಾಧಾನದ ಮಾತು. ಇದಕ್ಕೆ ಅಕ್ಕಸಾಲಿಗನ ತೂಕ ಬೇಕಾಗಿಲ್ಲ. ಮೂರು ಕಡ್ಡಿಯ ಯಾಗಿಯ ಮುಖ್ಯ ಕಿರಣ ಸುಮಾರು 60 ಡಿಗ್ರಿ ಅಗಲ ಇರುತ್ತದೆ. ಹತ್ತು ಡಿಗ್ರಿ ಆಚೀಚೆ ಆದರೆ ಕಳೆದುಕೊಳ್ಳುವುದು ಅರ್ಧ ಡೆಸಿಬಲ್‌ಗಿಂತ ಕಡಿಮೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಉಪಗ್ರಹಕ್ಕೆ ಬಳಸುವ ಉದ್ದನೆಯ ಯಾಗಿಗಾದರೆ ಐದು ಡಿಗ್ರಿಯೊಳಗೆ ಇರಬೇಕು. ದಶಾಂಶ ಹಾಕಿ ಡಿಗ್ರಿ ತೋರಿಸುವ ಡಿಸ್‌ಪ್ಲೇ ನೋಡಲು ಚೆಂದ, ಅಷ್ಟೇ.

ಆದರೆ ಅಳತೆ ಎಲ್ಲಿ ಮಾಡುತ್ತೀರಿ ಅನ್ನುವ ವಿಷಯದಲ್ಲಿ ರಾಜಿ ಬೇಡ. ಹೆಚ್ಚಿನವರು ದಿಕ್ಕು ಅಳೆಯುವ ಸೆನ್ಸರನ್ನು ಮೋಟರಿನ ಶಾಫ್ಟಿಗೆ ಜೋಡಿಸುತ್ತಾರೆ, ಅಲ್ಲಿ ಜಾಗ ಸಿಗುತ್ತದೆ ಅಂತ. ಮೋಟರಿನಿಂದ ಆಂಟೆನಾವರೆಗೆ ಹಲ್ಲುಗಾಲಿ, ಚೈನು, ಕ್ಲಾಂಪು ಎಲ್ಲ ಇವೆ. ಪ್ರತಿಯೊಂದರಲ್ಲೂ ಒಂದಿಷ್ಟು ಸಡಿಲ. ಮಳೆಗಾಲದ ಮುಂಚಿನ ಗಾಳಿಗೆ ಕ್ಲಾಂಪಿನೊಳಗೆ ಆಂಟೆನಾ ಹೊತ್ತ ಕೊಳವೆ 30 ಡಿಗ್ರಿ ಜಾರಿದರೂ ಮೋಟರಿಗೆ ಸುದ್ದಿಯೇ ಇರುವುದಿಲ್ಲ. ಕೆಳಗೆ ಕೋಣೆಯಲ್ಲಿರುವ ಮೀಟರಿನ ಮುಳ್ಳು ಧೈರ್ಯವಾಗಿ ಸುಳ್ಳು ಹೇಳುತ್ತಿರುತ್ತದೆ. ಆದ್ದರಿಂದ ಸೆನ್ಸರು ತಿರುಗುವ ಕೊಳವೆಯನ್ನೇ ಹಿಡಿದುಕೊಂಡಿರಬೇಕು, ಕ್ಲಾಂಪಿಗಿಂತ ಮೇಲೆ. ಇದಕ್ಕೆ ಇನ್ನೊಂದು ಬ್ರಾಕೆಟ್ ಬೆಸುಗೆ ಹಾಕಿಸಬೇಕಾಗುತ್ತದೆ. ಹಾಕಿಸಿ.

ಈಗ ಸೆನ್ಸರ್ ಯಾವುದು? ನನ್ನ ಓಟು ಇವತ್ತಿಗೂ ಹಳೇ ಪೊಟೆನ್ಷಿಯೋಮೀಟರಿಗೆ, ಚಿಕ್ಕದಾಗಿ ಪಾಟ್. ರೇಡಿಯೋದ ಶಬ್ದ ಏರಿಸಿ ಇಳಿಸುವ ಗುಂಡಿಯ ಒಳಗೆ ಇರುತ್ತದಲ್ಲ, ಅದೇ ಜಾತಿ. ಎರಡು ತುದಿಗೆ 5 ವೋಲ್ಟ್ ಕೊಟ್ಟರೆ, ನಡುವಿನ ತಂತಿಯಲ್ಲಿ ಸಿಗುವ ವೋಲ್ಟೇಜೇ ದಿಕ್ಕು. ಕರೆಂಟು ಹೋಗಿ ಬಂದರೂ ಇದು ಮರೆಯುವುದಿಲ್ಲ. ತೊಂದರೆ ಏನೆಂದರೆ, ಸಾಮಾನ್ಯ ಪಾಟ್ ಪೂರ್ತಿ ಸುತ್ತು ತಿರುಗುವುದಿಲ್ಲ, 270ರಿಂದ 300 ಡಿಗ್ರಿಗೆ ನಿಲ್ಲುತ್ತದೆ. ಆಂಟೆನಾ 360 ತಿರುಗಬೇಕು. ಕೊಳವೆಗೆ 30 ಹಲ್ಲಿನ ಗಾಲಿ, ಪಾಟಿಗೆ 40 ಹಲ್ಲಿನದು ಹಾಕಿ. ಆಂಟೆನಾ ಒಂದು ಸುತ್ತು ಬಂದಾಗ ಪಾಟ್ 270 ಡಿಗ್ರಿ ತಿರುಗುತ್ತದೆ. ಇನ್ನೊಂದು ದಾರಿ, ಹತ್ತು ಸುತ್ತಿನ ಪಾಟ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಕಡೆ ಹುಡುಕಿದರೆ ಸಿಗುತ್ತದೆ. ಅದನ್ನು ನೇರವಾಗಿ ಜೋಡಿಸಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಬಳಕೆಯಾಗುತ್ತದೆ. ಆಂಟೆನಾ ಒಂದು ಸುತ್ತಿಗೆ ಪಾಟ್ ಎಂಟು ಸುತ್ತು ಬರುವಂತೆ ಮಾಡಿ, ಎರಡೂ ತುದಿಗೆ ಒಂದೊಂದು ಸುತ್ತು ಉಳಿಸಿ. ಇಲ್ಲದಿದ್ದರೆ ಒಂದು ದಿನ ಮೋಟರು ಪಾಟನ್ನು ಮುರಿಯುತ್ತದೆ.

ಎಷ್ಟು ಓಮ್‌ನ ಪಾಟ್ ತರಬೇಕು? ಸಿಕ್ಕಿದ್ದನ್ನು ತಂದರೆ ಆಗುವುದಿಲ್ಲ. 100 ಮೈಕ್ರೋ ಆಂಪಿಯರ್ ಮುಳ್ಳಿನ ಮೀಟರಿಗೆ ರೆಸಿಸ್ಟರ್ ಸೇರಿಸಿ 5 ವೋಲ್ಟ್ ಮೀಟರ್ ಮಾಡಿಕೊಂಡರೆ ಒಟ್ಟು ತಡೆ 50 ಕಿಲೋ ಓಮ್. ಆ ಮೀಟರು ಪಾಟನ್ನು ಸ್ವಲ್ಪ ಕೆಳಕ್ಕೆ ಜಗ್ಗುತ್ತದೆ. ಪಾಟ್ 5 ಕಿಲೋ ಓಮ್ ಆದರೆ, ಮೂರನೇ ಎರಡು ಭಾಗ ತಿರುಗಿದ ಹೊತ್ತಿಗೆ ಮುಳ್ಳು ಸುಮಾರು 5 ಡಿಗ್ರಿ ತಪ್ಪು ತೋರಿಸುತ್ತದೆ. 1 ಕಿಲೋ ಓಮ್ ಆದರೆ ತಪ್ಪು ಒಂದೇ ಡಿಗ್ರಿ. ತಂತಿಯ ತಡೆಯ ಬಗ್ಗೆ ಹೆದರಬೇಡಿ. 30 ಮೀಟರ್ ಲ್ಯಾನ್ ಕೇಬಲಿನ ಒಂದೊಂದು ತಂತಿಗೆ 3 ಓಮ್ ಇದ್ದರೆ ಹೆಚ್ಚು. ಹೆದರಬೇಕಾದ್ದು ನಿಮ್ಮದೇ ಟ್ರಾನ್ಸ್‌ಮಿಟರಿಗೆ. ಮೈಕ್ ಒತ್ತಿದ ಕೂಡಲೇ ಮುಳ್ಳು ಕುಣಿದರೆ, ಆ ಉದ್ದನೆಯ ತಂತಿ ತಾನೇ ಒಂದು ಆಂಟೆನಾ ಆಗಿದೆ ಅಂತ ಅರ್ಥ. 104 ಅಂತ ಬರೆದಿರುವ ಪುಟ್ಟ ಸಿರಾಮಿಕ್ ಕೆಪಾಸಿಟರನ್ನು ಎರಡೂ ತುದಿಯಲ್ಲಿ ಭೂಮಿ ತಂತಿಗೆ ಕೂಡಿಸಿ, ತಂತಿಗೆ ಒಂದು ಫೆರೈಟ್ ಮಣಿ ಪೋಣಿಸಿ. ಸಾಮಾನ್ಯವಾಗಿ ಕುಣಿತ ನಿಲ್ಲುತ್ತದೆ.

ಹಳಬರು ಸೆಲ್ಸಿನ್ ಅನ್ನುವ ಜೋಡಿ ಮೋಟರ್ ಬಳಸುತ್ತಿದ್ದರು. ಒಂದನ್ನು ಮೇಲೆ ತಿರುಗಿಸಿದರೆ ಕೆಳಗಿನದು ಅದರಂತೆಯೇ ತಿರುಗುತ್ತದೆ. ಎರಡನೇ ಮಹಾಯುದ್ಧದ ಹಡಗು, ರೇಡಾರ್‌ಗಳಲ್ಲಿ ಉಳಿದಿದ್ದು ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಅಮೆರಿಕದ ಹ್ಯಾಮ್‌ಗಳ ಕೈಗೆ ಬಂತು. ಸೊಗಸಾದ ವಸ್ತು. ಆದರೆ ಐದು ತಂತಿ ಬೇಕು, ಇಲ್ಲಿ ಸಿಗುವುದು ಅಪರೂಪ.

ಡಿಶ್ ಮೋಟರುಗಳಲ್ಲಿ ರೀಡ್ ಸ್ವಿಚ್ ಇರುತ್ತದೆ. ಅಯಸ್ಕಾಂತ ಹಾದುಹೋದಾಗಲೆಲ್ಲ ಒಂದು ಎಣಿಕೆ. ಒಂದು ಎಣಿಕೆ ತಪ್ಪಿದರೆ ಆ ತಪ್ಪು ಜೊತೆಗೇ ಉಳಿಯುತ್ತದೆ, ಇನ್ನೊಂದು ತಪ್ಪಿದರೆ ಅದಕ್ಕೆ ಸೇರುತ್ತದೆ. ಆಗಾಗ ಒಂದು ತುದಿಗೆ ಹೋಗಿ ಲಿಮಿಟ್ ಸ್ವಿಚ್, ಅಂದರೆ ಕೊನೆ ತಲುಪಿದಾಗ ಮೋಟರ್ ನಿಲ್ಲಿಸುವ ಸ್ವಿಚ್, ಮುಟ್ಟಿ ಸೊನ್ನೆಯಿಂದ ಶುರು ಮಾಡಬೇಕು.

ಈಗಿನ ಹುಡುಗರಿಗೆ ಪ್ರಿಯವಾದದ್ದು ಎಎಸ್5600 ಅನ್ನುವ ಚಿಪ್. ಶಾಫ್ಟಿನ ತುದಿಗೆ ಒಂದು ಅಯಸ್ಕಾಂತ, ಅದರಿಂದ ಅರ್ಧದಿಂದ ಮೂರು ಮಿಲಿಮೀಟರ್ ದೂರದಲ್ಲಿ ಈ ಚಿಪ್. ಸುತ್ತನ್ನು 4096 ಭಾಗ ಮಾಡಿ ಹೇಳುತ್ತದೆ, ಸವೆಯುವುದೇ ಇಲ್ಲ. ಮಾಮೂಲಿ ಬಿಲ್ಲೆ ಅಯಸ್ಕಾಂತ ನಡೆಯುವುದಿಲ್ಲ. ಬಿಲ್ಲೆಯ ಒಂದು ಅರ್ಧ ಉತ್ತರ, ಇನ್ನೊಂದು ಅರ್ಧ ದಕ್ಷಿಣ ಆಗಿರುವಂಥದ್ದೇ ಬೇಕು. ಅಂಕಿಗಳನ್ನು ಹೊರಗೆ ಕಳಿಸುವ ಇದರ ಐ-ಸ್ಕ್ವೇರ್-ಸಿ ತಂತಿಯನ್ನು ತಾರಸಿಯಿಂದ ಕೋಣೆಗೆ ಎಳೆಯಬೇಡಿ, ಅದು ಒಂದೇ ಬೋರ್ಡಿನ ಒಳಗಿನ ಮಾತುಕತೆಗೆ ಮಾಡಿದ್ದು. ಪಾಟಿನಂತೆ ವೋಲ್ಟೇಜಿನಲ್ಲೇ ದಿಕ್ಕು ಹೇಳುವ, ಚಿಪ್ಪಿನ ಅನಲಾಗ್ ಔಟ್‌ಪುಟ್ ಬಳಸಿ. ಇದರ ದೊಡ್ಡ ಕೊರತೆ ಬೇರೆ ಇದೆ. ಆಂಟೆನಾ ಎಷ್ಟನೇ ಸುತ್ತಿನಲ್ಲಿದೆ ಅಂತ ಇದಕ್ಕೆ ತಿಳಿಯದು. ಒಂದೇ ಕಡೆಗೆ ಎರಡು ಸುತ್ತು ತಿರುಗಿಸಿದರೂ ಅದೇ ಅಂಕಿ. ಅಷ್ಟರಲ್ಲಿ ಆಂಟೆನಾದಿಂದ ರೇಡಿಯೋಗೆ ಇಳಿಯುವ ಕೋಆಕ್ಸ್ ಕೇಬಲ್ ಕಂಬಕ್ಕೆ ಬಿಗಿಯಾಗಿ ಸುತ್ತಿಕೊಂಡು, ಕನೆಕ್ಟರ್ ಕಿತ್ತು ಬಂದಿರುತ್ತದೆ. ಪಾಟ್ ದಿಕ್ಕಿನ ಜೊತೆಗೆ ಕೇಬಲ್ ಎಷ್ಟು ಸುತ್ತಿದೆ ಅಂತಲೂ ಹೇಳುತ್ತದೆ. ಅದರ ಪರವಾಗಿ ನಾನು ವಾದಿಸುವುದು ಇದಕ್ಕೇ. ಚಿಪ್ಪೇ ಬೇಕು ಅನ್ನುವವರು ಎರಡು ಕಡೆ ಲಿಮಿಟ್ ಸ್ವಿಚ್ ಹಾಕಲೇಬೇಕು.

ದಿಕ್ಸೂಚಿ ಚಿಪ್ಪನ್ನು ಆಂಟೆನಾ ಮೇಲೇ ಕೂರಿಸುವವರೂ ಇದ್ದಾರೆ. ಪಕ್ಕದಲ್ಲೇ ಕಬ್ಬಿಣದ ಕಂಬ ಇರುವಾಗ ಅದು ಉತ್ತರವನ್ನು ಹೇಗೆ ಹುಡುಕೀತು, ನೀವೇ ಹೇಳಿ.

ಕೊನೆಗೆ, ನಿಜವಾದ ಉತ್ತರ ಹುಡುಕುವುದು. ಕೈಯಲ್ಲಿ ಹಿಡಿಯುವ ದಿಕ್ಸೂಚಿಗೂ ತಾರಸಿ ಸರಿಯಾದ ಜಾಗವಲ್ಲ, ಆರ್‌ಸಿಸಿ ತುಂಬ ಕಬ್ಬಿಣ. ಕೋಲು ನೆಟ್ಟು ನಡುಹಗಲಿನ ನೆರಳು ನೋಡಬಹುದು. ಬೆಂಗಳೂರಿನಲ್ಲಿ ಸೂರ್ಯನ ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ಅದಾದ ಸುಮಾರು 20 ನಿಮಿಷಕ್ಕೆ, ತಿಂಗಳಿಗೆ ತಕ್ಕಂತೆ ಹಿಂದೆ ಮುಂದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಧ್ರುವ ನಕ್ಷತ್ರ ನಂಬಬಹುದು, ಆದರೆ ಇಲ್ಲಿ ಅದು ದಿಗಂತದಿಂದ 13 ಡಿಗ್ರಿ ಎತ್ತರದಲ್ಲಷ್ಟೇ. ಎದುರಿನ ಅಪಾರ್ಟ್‌ಮೆಂಟ್ ಬಿಡಬೇಕಲ್ಲ!

ಹಾಗಾಗಿ ಫೋನಿನ ಉಪಗ್ರಹ ನಕ್ಷೆಯೇ ಸುಲಭ. ನಿಮ್ಮ ತಾರಸಿಯಿಂದ ಕಾಣುವ ನೀರಿನ ಟ್ಯಾಂಕ್, ದೇವಸ್ಥಾನದ ಗೋಪುರ, ಹೀಗೆ ದೂರದ ಎರಡು ಗುರುತು ಆರಿಸಿ. ಒಂದು ಈ ಕಡೆ, ಒಂದು ಆ ಕಡೆ ಇರಲಿ. ನಕ್ಷೆಯಲ್ಲಿ ಗೆರೆ ಎಳೆದು ಎರಡರ ಡಿಗ್ರಿ ಬರೆದುಕೊಳ್ಳಿ. ಆಂಟೆನಾದ ಬೂಮನ್ನು ಕಣ್ಣಳತೆಯಲ್ಲಿ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಗುರಿಯಿಡಿ. ಕೆಳಗೆ ಒಬ್ಬರು ಮೀಟರ್ ಓದಿ ಕೂಗಿ ಹೇಳಲಿ. ಎರಡೂ ಕಡೆ ಒಂದೇ ಅಂತರದ ತಪ್ಪು ಬಂದರೆ ಸೊನ್ನೆ ಜರುಗಿದೆ, ಬೂಮನ್ನು ಕೊಳವೆಗೆ ಹಿಡಿದಿರುವ ಕ್ಲಾಂಪ್ ಸಡಿಲಿಸಿ ಬೂಮನ್ನು ಅಷ್ಟೇ ತಿರುಗಿಸಿ. ಒಂದು ಸರಿ, ಇನ್ನೊಂದು ತಪ್ಪು ಅಂತಾದರೆ ಕ್ಲಾಂಪ್ ಮುಟ್ಟಬೇಡಿ, ಹಲ್ಲುಗಾಲಿಯ ಲೆಕ್ಕವನ್ನೋ ಮೀಟರಿನ ಪೂರ್ಣ ಅಳತೆಯನ್ನೋ ಇನ್ನೊಮ್ಮೆ ನೋಡಿ. ನಮಸ್ಕಾರ.