ಕಣ್ಣು ಮುಚ್ಚಿದ ಕೂಡ್ಲೆ ಮನಸ್ಸು ಓಡ್ತದಾ? ನಿಮ್ಮ ಧ್ಯಾನ ಸರಿಯಾಗೇ ಶುರುವಾಗಿದೆ

ನಮಸ್ಕಾರ ಎಲ್ಲರಿಗೂ. ಹೊರಗೆ ಮಳೆ ಹೊಡಿತಾ ಉಂಟು, ನಮ್ಮದು ಹಂಚಿನ ಮಾಡು, ಸೌಂಡ್ ನಿಮಗೂ ಕೇಳ್ತಿರ್ಬಹುದು, ನಿಂತ ಮೇಲೆ ರೆಕಾರ್ಡ್ ಮಾಡುವ ಅಂತ ಕಾದೆ, ಮಂಗಳೂರಲ್ಲಿ ಜುಲೈ ತಿಂಗಳು ಅದು ಆಗುವ ಕೆಲಸ ಅಲ್ಲ, ಮತ್ತೆ ಅನ್ನಿಸ್ತು ಇವತ್ತಿನ ವಿಷಯಕ್ಕೆ ಈ ಸೌಂಡ್ ಇದ್ರೇ ಒಳ್ಳೇದು ಅಂತ.

ಧ್ಯಾನ ಶುರು ಮಾಡಿ ನಾಲ್ಕು ದಿವಸದಲ್ಲಿ ಬಿಟ್ಟವರನ್ನು ಕೇಳಿ ನೋಡಿ, ಹೆಚ್ಚಾಗಿ ಒಂದೇ ಮಾತು: "ನನ್ನಿಂದ ಆಗುದಿಲ್ಲ ಮಾರಾಯ್ರೆ, ಕಣ್ಣು ಮುಚ್ಚಿದ ಕೂಡ್ಲೆ ಮಂಡೆಯೊಳಗೆ ಇಲ್ಲದ್ದೆಲ್ಲ ಬರ್ತದೆ." ನಾನೂ ಹಾಗೇ ಎರಡು ಸಲ ಬಿಟ್ಟಿದ್ದೆ. ಆಗ ಯಾರಾದ್ರೂ ಒಂದು ವಿಷಯ ಬಿಡಿಸಿ ಹೇಳಿದ್ರೆ ಬಿಡ್ತಿರ್ಲಿಲ್ಲ, ಅದನ್ನೇ ಈಗ ನಿಮಗೆ ಹೇಳುದು.

ಮೊದಲು ಕೂತುಕೊಳ್ಳುದು. ಪದ್ಮಾಸನ ಬೇಕಂತ ಇಲ್ಲ, ಕುರ್ಚಿ ಸಾಕು, ಪಾದ ನೆಲಕ್ಕೆ ತಾಗ್ಲಿ, ಬೆನ್ನು ನೆಟ್ಟಗೆ. ಐದು ನಿಮಿಷಕ್ಕೆ ಟೈಮರ್ ಇಟ್ಟು ಫೋನ್ ಕವುಚಿ ಹಾಕಿ. ಉಸಿರನ್ನು ಉದ್ದ ಮಾಡುದು, ಹಿಡಿದಿಡುದು ಎಂತದ್ದೂ ಬೇಡ, ಅದು ಪ್ರಾಣಾಯಾಮ ಆಯ್ತು, ಬೇರೆ ವಿಷಯ. ಮೂಗಿನ ತುದಿಯಲ್ಲಿ ಒಳಗೆ ಹೋಗುವ ಗಾಳಿ ಸ್ವಲ್ಪ ತಂಪು, ಹೊರಗೆ ಬರುವ ಗಾಳಿ ಸ್ವಲ್ಪ ಬೆಚ್ಚಗೆ, ಗೊತ್ತಾಯ್ತಾ? ಅಷ್ಟೇ ನೋಡ್ಲಿಕ್ಕೆ ಇರುದು. ಬೌದ್ಧರು ಇದಕ್ಕೆ ಪಾಲಿ ಭಾಷೆಯಲ್ಲಿ ಆನಾಪಾನಸತಿ ಅಂತಾರೆ, ಉಸಿರಿನ ಮೇಲೆ ಎಚ್ಚರ ಇಡುದು ಅಂತ ಅರ್ಥ. ಅಂದ ಹಾಗೆ ನಮ್ಮ ಕದ್ರಿ ದೇವಸ್ಥಾನದಲ್ಲಿ ಮೂರು ಮುಖದ ಲೋಕೇಶ್ವರನ ಕಂಚಿನ ಮೂರ್ತಿ ಉಂಟಲ್ಲ, 968ರಲ್ಲಿ ಆಳುಪ ರಾಜ ಕುಂದವರ್ಮ ಮಾಡಿಸಿದ್ದು, ಅದರ ಪೀಠದ ಶಾಸನದಲ್ಲಿ ಆ ಜಾಗವನ್ನು ವಿಹಾರ, ಅಂದ್ರೆ ಬೌದ್ಧ ಸನ್ಯಾಸಿಗಳು ಇರುವ ಜಾಗ, ಅಂತಲೇ ಬರೆದಿದ್ದಾರೆ. ಮುಂದಿನ ಸಲ ಹೋದಾಗ ಅದರ ಎದುರು ಎರಡು ನಿಮಿಷ ಹೆಚ್ಚು ನಿಲ್ಲಿ.

ಈಗ ಮುಖ್ಯ ವಿಷಯ. ನಿನ್ನೆ ಬೆಳಿಗ್ಗೆ ನಾನು ಕೂತಾಗ ಆದದ್ದನ್ನು ಹಾಗ್ಹಾಗೇ ಹೇಳ್ತೇನೆ. ಮೂರು ಉಸಿರು ನೋಡಿದೆ. ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾಯ್ತು, ಕಾಯಿ ಅರೆಯುದು ಅಂತ ಗೊತ್ತಾಯ್ತು, ಕಾಯಿ ಅಂದ್ರೆ ಬಂಗುಡೆ ಗಸಿ, ಬಂಗುಡೆ ಅಂದ್ರೆ ಟ್ರಾಲಿಂಗ್ ಬಂದ್ ಇದೆಯಲ್ಲ ಮೀನಿಗೆ ರೇಟ್ ಎಷ್ಟೋ, ರೇಟಿಂದ ಕರೆಂಟ್ ಬಿಲ್, ಬಿಲ್ಲಿಂದ ಹೋದ ವರ್ಷ ತಮ್ಮನಿಗೆ ದುಡ್ಡಿನ ವಿಷಯದಲ್ಲಿ ಹೇಳಿದ ಒಂದು ಗಡಸು ಮಾತು. ಹೊಟ್ಟೆ ಬಿಗಿ ಆಯ್ತು. ಆಗ, ಓ, ಉಸಿರು ಬಿಟ್ಟು ಎಲ್ಲಿಗೋ ಬಂದಿದ್ದೇನೆ ಅಂತ ಗೊತ್ತಾಯ್ತು.

ಆ "ಓ" ಉಂಟಲ್ಲ, ಅದಕ್ಕೋಸ್ಕರವೇ ನಾವು ಕೂತುಕೊಳ್ಳುದು. ಚಾವಡಿಯಲ್ಲಿ ಕೂರಿಸಿದ ಸಣ್ಣ ಮಗು ಮಳೆಗೆ ಅಂಗಳಕ್ಕೆ ಓಡಿದ್ರೆ ಬೈತೇವಾ, ಎತ್ತಿ ತಂದು ಪುನಃ ಕೂರಿಸ್ತೇವೆ, ಹತ್ತು ಸಲ ಓಡಿದ್ರೆ ಹತ್ತು ಸಲ. ಹತ್ತು ಸಲ ತಂದ್ರೆ ಹತ್ತು ಸಲ ಅಭ್ಯಾಸ ಆಯ್ತು ಅಂತ ಲೆಕ್ಕ. ಇದು ಗೊತ್ತಿಲ್ಲದೆ ಎಷ್ಟು ಜನ ನನ್ನಿಂದ ಆಗುದಿಲ್ಲ ಅಂತ ಎದ್ದು ಹೋಗಿದ್ದಾರೋ, ನೆನೆಸಿದ್ರೆ ಬೇಜಾರಾಗ್ತದೆ.

ಮನಸ್ಸು ಓಡುದು ನಿಮ್ಮದೊಂದೇ ಅಲ್ಲ. 2010ರಲ್ಲಿ ಹಾರ್ವರ್ಡಿನ ಇಬ್ಬರು ಸಂಶೋಧಕರು 2250 ಜನರ ಫೋನಿಗೆ ಆಗಾಗ ಪ್ರಶ್ನೆ ಕಳಿಸಿ ಈಗ ಮನಸ್ಸು ಎಲ್ಲುಂಟು ಅಂತ ಕೇಳಿದ್ರು, ಸುಮಾರು 47 ಪರ್ಸೆಂಟ್ ಹೊತ್ತು ಮಾಡ್ತಿರುವ ಕೆಲಸದಲ್ಲಿ ಇರ್ಲೇ ಇಲ್ಲ. ಗೀತೆಯ 6ನೇ ಅಧ್ಯಾಯದಲ್ಲಿ ಅರ್ಜುನನೂ ಅದೇ ಹೇಳುದು, ಮನಸ್ಸನ್ನು ಹಿಡಿಯುದು ಗಾಳಿ ಹಿಡಿದ ಹಾಗೆ ಕಷ್ಟ ಅಂತ. ಕೃಷ್ಣ ಅದನ್ನು ಒಪ್ತಾನೆ, ಒಪ್ಪಿಯೇ ಅಭ್ಯಾಸ, ವೈರಾಗ್ಯ ಅಂತ ಎರಡು ದಾರಿ ತೋರಿಸ್ತಾನೆ. ಉಡುಪಿಗೆ ಹೋಗಿ ಕನಕನ ಕಿಂಡಿಯಲ್ಲಿ ನೋಡುವಾಗ ನನಗೆ ಈ ಮಾತು ನೆನಪಾಗಿ ಧೈರ್ಯ ಬರ್ತದೆ.

ಒಂದು ಮಾತ್ರ ಜಾಗ್ರತೆ. ಕೆಲವರಿಗೆ ಕಣ್ಣು ಮುಚ್ಚಿದ್ರೆ ಗಾಬರಿ ಆಗ್ತದೆ, ಹಳೇ ಪೆಟ್ಟುಗಳೆಲ್ಲ ಮೇಲೆ ಬರ್ತವೆ. ಹಾಗಾದ್ರೆ ಹಠ ಮಾಡ್ಬೇಡಿ, ಕಣ್ಣು ಬಿಡಿ, ಎದ್ದು ನಾಲ್ಕು ಹೆಜ್ಜೆ ನಡೀರಿ, ಮತ್ತೆ ಮತ್ತೆ ಆದ್ರೆ ಡಾಕ್ಟರ ಹತ್ರ ಮಾತಾಡಿ, ನಾಚಿಕೆ ಬೇಡ.

ಸರಿ, ಈಗ ಒಟ್ಟಿಗೆ ಒಂದು ನಿಮಿಷ ಕೂರುವ. ಮಳೆ ಸೌಂಡ್ ಹಾಗೇ ಇರ್ಲಿ, ಮನಸ್ಸು ಅದರ ಹಿಂದೆ ಹೋದ್ರೆ ಮೂಗಿನ ತುದಿಗೆ ವಾಪಸ್ ಕರ್ಕೊಂಡು ಬನ್ನಿ. ಬೆಲ್ ಆಗುವವರೆಗೆ ನಾನೂ ಮಾತಾಡುದಿಲ್ಲ.

(ಒಂದು ನಿಮಿಷ ಮಳೆ ಸದ್ದು ಮಾತ್ರ. ಬೆಲ್.)