ಸಂಪಿಗೆಯ ಎಲೆ ಬಿಳಿಚಿದಾಗ

ಕೇಳುಗರಿಗೆ ನಮಸ್ಕಾರ. ಮನೆಯ ಮುಂದಿನ ಸಂಪಿಗೆ ಮರದ ಎಲೆಗಳು ಬಿಳಿಚಿಕೊಂಡು, ಕೊಂಬೆಗಳ ನಡುವೆ ಆಕಾಶ ಕಾಣುವಷ್ಟು ವಿರಳವಾದಾಗ, ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಬುಡಕ್ಕೆ ಯೂರಿಯಾ ಸುರಿಯುವುದು. ಕಾರಣ ತಿಳಿಯದೆ ಮಾಡುವ ಈ ಉಪಚಾರ ಹಲವು ಸಲ ವ್ಯರ್ಥ. ಬೇರು ಸೊರಗಿದ ಮರಕ್ಕಂತೂ ಹಾನಿಕರ.

ಬಿಳಿಚಿದ್ದು ಯಾವ ಎಲೆ ಎಂಬುದನ್ನು ಮೊದಲು ನೋಡಬೇಕು. ಸಾರಜನಕವೂ ಮೆಗ್ನೀಸಿಯಮ್ಮೂ ಗಿಡದೊಳಗೆ ಸುಲಭವಾಗಿ ಚಲಿಸುವುದರಿಂದ, ಕೊರತೆ ಬಂದಾಗ ಮರವು ಅವನ್ನು ಹಳೆಯ ಎಲೆಗಳಿಂದ ಹಿಂತೆಗೆದು ಚಿಗುರಿಗೆ ಕಳುಹಿಸುತ್ತದೆ. ಹಾಗಾಗಿ ಹಳದಿ ಬಣ್ಣ ಬಲಿತ ಎಲೆಗಳಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ ಹಾಗೆ ಚಲಿಸುವುದಿಲ್ಲ. ಅದು ಸಾಲದಾದಾಗ ಹಳೆಯ ಎಲೆ ಹಸಿರಾಗಿಯೇ ಇದ್ದು, ಎಳೆಯ ಎಲೆಗಳಲ್ಲಿ ನರಗಳಷ್ಟೇ ಬಲೆಯಂತೆ ಹಸಿರುಳಿದು, ನಡುವಿನ ಭಾಗ ಹಳದಿಯಾಗುತ್ತದೆ.

ಹಾಗೆಂದು ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದು ತಿಳಿಯಬಾರದು. ನಮ್ಮ ಕೆಂಪುಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಮನೆ ಕಟ್ಟುವಾಗ ಹೂತುಹೋದ ಸಿಮೆಂಟು ಮತ್ತು ಗಾರೆಯ ಚೂರುಗಳು, ವರ್ಷಗಟ್ಟಲೆ ಹಾಯಿಸಿದ ಗಡಸು ಬೋರ್‌ವೆಲ್ ನೀರು ಮಣ್ಣಿನ ಕ್ಷಾರವನ್ನು ಹೆಚ್ಚಿಸುತ್ತವೆ. ಮಣ್ಣಿನ ಹುಳಿ-ಕ್ಷಾರವನ್ನು ತೋರಿಸುವ ಅಳತೆಯಾದ ರಸಸಾರ (pH) 7.5 ದಾಟಿತೆಂದರೆ ಇರುವ ಕಬ್ಬಿಣವೂ ಬೇರಿಗೆ ದಕ್ಕುವುದು ಕಷ್ಟ. ಮಲೆನಾಡಿನ ಹುಳಿಮಣ್ಣಿಗೆ ಒಗ್ಗಿದ ಸಂಪಿಗೆಗೆ ಇದು ಬೇಗ ತಟ್ಟುತ್ತದೆ. ಅನುಮಾನವಿದ್ದರೆ, ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಮತ್ತು ಚಿಟಿಕೆ ಸಿಟ್ರಿಕ್ ಆಮ್ಲ ಕರಗಿಸಿ, ಒಂದೇ ಒಂದು ಕೊಂಬೆಗೆ ಸಂಜೆ ಹೊತ್ತಿನಲ್ಲಿ ಸಿಂಪಡಿಸಿರಿ. ಎರಡು ವಾರಗಳೊಳಗೆ ಆ ಕೊಂಬೆ ಮಾತ್ರ ಹಸಿರಾಗತೊಡಗಿದರೆ ಕಾರಣ ಸಿಕ್ಕಂತೆಯೇ. ದ್ರಾವಣ ಅಂಗಳದ ಕಲ್ಲಿಗೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಎಚ್ಚರ.

ಎಲೆ ವಿರಳವಾಗುವುದು ಬೇರೆಯೇ ಪ್ರಶ್ನೆ. ಹೊಂಗೆಯು ಚಿಗುರುವ ಮುನ್ನ ಎಲೆ ಉದುರಿಸಿದರೆ ಅದು ಸಹಜ. ಆದರೆ ನಿತ್ಯಹಸಿರಿನ ಸಂಪಿಗೆ ಬರಿದಾಗುತ್ತಿದ್ದರೆ, ಎಲೆಗಳು ಕಿರಿದಾಗುತ್ತಿದ್ದರೆ, ನಾನು ಮೊದಲು ಶಂಕಿಸುವುದು ಬೇರನ್ನೇ. ಕಾಂಡವು ಬುಡದಲ್ಲಿ ಅಗಲವಾಗದೆ ಕಂಬದಂತೆ ನೇರವಾಗಿ ನೆಲಕ್ಕಿಳಿದಿದ್ದರೆ ಮೇಲೆ ಮಣ್ಣು ಏರಿಸಿದ್ದಾರೆಂದು ಅರ್ಥ. ಒಂದಡಿ ಅಗೆದು ನೋಡಿರಿ: ಮಣ್ಣು ಹುಳಿತ ವಾಸನೆ ಬೀರಿ, ಸಣ್ಣ ಬೇರುಗಳು ಕಪ್ಪಾಗಿ ಮೆತ್ತಗಾಗಿದ್ದರೆ ನೀರು ನಿಂತು ಬೇರಿಗೆ ಗಾಳಿ ಸಿಕ್ಕಿಲ್ಲ. ಬುಡದ ಸುತ್ತ ಕಾಂಕ್ರೀಟು ಹಾಸಿದ್ದರೂ ಬೇರು ಉಸಿರಾಡಲಾರದೆ ಸೊರಗುತ್ತದೆ. ಇಂಥ ಮರಕ್ಕೆ ಗೊಬ್ಬರಕ್ಕಿಂತ ಮುಂಚೆ ಬೇಕಾದದ್ದು ಕಾಂಕ್ರೀಟು ಒಡೆದು ತೆಗೆಯುವುದು, ನೀರು ಬಸಿಯಲು ದಾರಿ ಮಾಡುವುದು, ಕಾಂಡಕ್ಕೆ ತಾಗದಂತೆ ಕೊಂಬೆಗಳ ನೆರಳಿನುದ್ದಕ್ಕೂ ತರಗೆಲೆ ಹೊದಿಸುವುದು. ಗುಣ ಕಂಡಿತೋ ಇಲ್ಲವೋ ಎಂಬುದನ್ನು ಈಗಿರುವ ಎಲೆಗಳಲ್ಲಲ್ಲ, ಮುಂದಿನ ಚಿಗುರಿನಲ್ಲಿ ನೋಡಬೇಕು.