ಚಂದಾ ಆಮೇಲೆ ನೋಡೋಣ

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ಗಲ್ಲಾಪೆಟ್ಟಿಗೆ ಮುಂದೆ ಕೂತು ರೇಡಿಯೋ ಕೇಳುತ್ತಿರುವವರಿಗೇ ಇವತ್ತಿನ ಮಾತು. ವ್ಯಾಪಾರದ ಬಗ್ಗೆ ಪತ್ರಿಕೆ ಮಾಡುತ್ತೇವೆ ಅಂತ ಹುಡುಗರು ನನ್ನ ಹತ್ತಿರ ಬರುತ್ತಾರೆ. ಚಂದಾ ಎಷ್ಟಿಡೋಣ ಸಾರ್ ಅನ್ನುತ್ತಾರೆ. ಅಯ್ಯೋ, ಚಂದಾ ಆಮೇಲೆ ನೋಡೋಣ. ಪತ್ರಿಕೆಯನ್ನು ಸಾಕುವುದು ಜಾಹೀರಾತು.

ಅಮೆರಿಕದ ಫೋರ್ಬ್ಸ್ ಹೆಸರು ಕೇಳಿರುತ್ತೀರಿ. ಒಂದೇ ಮನೆಯವರು ಮೂರು ತಲೆಮಾರು ನಡೆಸಿದ ಪತ್ರಿಕೆ. 1917ರಲ್ಲಿ ಶುರು ಮಾಡಿದವರು ಬಿ.ಸಿ. ಫೋರ್ಬ್ಸ್, ಸ್ಕಾಟ್ಲೆಂಡಿನ ಹಳ್ಳಿ ದರ್ಜಿಯ ಮಗ. ಅದಕ್ಕೂ ಮೊದಲು ನ್ಯೂಯಾರ್ಕಿನಲ್ಲಿ ವರದಿಗಾರ. ದೊಡ್ಡ ಸಾಹುಕಾರರೆಲ್ಲ ವಾಲ್ಡಾರ್ಫ್ ಹೋಟೆಲಿನಲ್ಲಿ ಸೇರುತ್ತಾರೆ ಅಂತ ಗೊತ್ತಾಯಿತು. ವರದಿಗಾರನ ಸಂಬಳ ಎಷ್ಟಿರುತ್ತೆ ಹೇಳಿ? ಆದರೂ ಅಲ್ಲೇ ರೂಮು ಹಿಡಿದರು! ಸಾಹುಕಾರರ ಪಕ್ಕದಲ್ಲೇ ಓಡಾಡಿ ಪರಿಚಯ ಬೆಳೆಸಿಕೊಂಡರು. ಸುದ್ದಿ ಸಿಕ್ಕಿದ್ದೂ ಹಾಗೇ, ಮುಂದೆ ಜಾಹೀರಾತಿಗೆ ದಾರಿ ಆಗಿದ್ದೂ ಹಾಗೇ. 1930ರ ಸುಮಾರಿಗೆ ದೊಡ್ಡ ಮುಗ್ಗಟ್ಟು ಬಂತು. ಆಗ ಬೇರೆ ಪತ್ರಿಕೆಗಳಿಗೆ ಅಂಕಣ ಬರೆದ ದುಡ್ಡನ್ನು ತಂದು ಇದಕ್ಕೆ ಸುರಿದರು. ಯಾಕೆ, ಓದುವವರು ಇರಲಿಲ್ವಾ? ಇದ್ದರು. ಜಾಹೀರಾತು ಇರಲಿಲ್ಲ.

ಮಗ ಮಾಲ್ಕಮ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ‘ಹೈಲ್ಯಾಂಡರ್’ ಅಂತ ಒಂದು ವಿಹಾರ ನೌಕೆ ಇಟ್ಟಿದ್ದರು. ಕಂಪನಿ ಮುಖ್ಯಸ್ಥರನ್ನು ಕರೆದು, ಬ್ಯಾಗ್‌ಪೈಪ್ ಊದಿಸಿ, ಊಟ ಹಾಕಿಸಿ ಕಳಿಸುತ್ತಿದ್ದರು. ಜನ ಇದನ್ನು ಶೋಕಿ ಅಂದರು. ಶೋಕಿ ಅಲ್ಲ ಸ್ವಾಮಿ, ಜಾಹೀರಾತಿಗೆ ದುಡ್ಡು ಮಂಜೂರು ಮಾಡುವವರೇ ಆ ನೆಂಟರು!

1982ರಲ್ಲಿ ಪತ್ರಿಕೆಯಲ್ಲಿ ಅಮೆರಿಕದ 400 ದೊಡ್ಡ ಶ್ರೀಮಂತರ ಪಟ್ಟಿ ಶುರುವಾಯಿತು. ಷೇರು ಎಷ್ಟಿದೆ, ಜಮೀನು ಎಷ್ಟಿದೆ ಅಂತ ವರದಿಗಾರರು ಕೆದಕಿ ಲೆಕ್ಕ ಹಾಕಿದರು. ಓದುಗರು ಮುಗಿಬಿದ್ದರು, ಅವರ ಹಿಂದೆ ಜಾಹೀರಾತೂ ಬಂತು. ಇದನ್ನು ಬಿಡಿಸಿ ಹೇಳಬೇಕಿತ್ತು, ಸಮಯ ಕಮ್ಮಿ. ಆಮೇಲೆ ಇಂಟರ್ನೆಟ್ ಬಂತು, ಅಚ್ಚಿನ ಜಾಹೀರಾತು ಜಾರಿತು. 2014ರಲ್ಲಿ ಮನೆಯವರು ಪತ್ರಿಕೆಯ ಕಂಪನಿಯ ಬಹುಪಾಲನ್ನು ಹಾಂಗ್‌ಕಾಂಗಿನ ಹೂಡಿಕೆದಾರರಿಗೆ ಮಾರಿದರು.

ಹುಡುಗರಿಗೆ ಮತ್ತೆ ಹೇಳುತ್ತೇನೆ. ಮೊದಲು ದೇವರಾಜ ಅರಸು ರಸ್ತೆಯ ಅಂಗಡಿ ಅಂಗಡಿ ಹತ್ತಿ. ಕಾಲು ಪುಟ, ಅರ್ಧ ಪುಟ, ಎಷ್ಟು ಸಿಕ್ಕರೂ ಬರೆದುಕೊಳ್ಳಿ. ಹಿಂಬದಿ ರಕ್ಷಾಪುಟಕ್ಕೆ ಗಿರಾಕಿ ಸಿಕ್ಕಮೇಲೆ ಪ್ರೆಸ್ಸಿಗೆ ಹೋಗಿ. ನಮಸ್ಕಾರ.